ಕೆರೆದರೂ ಉಳಿದದ್ದು: ಯಾವ ಚಿತ್ರವನ್ನು ಪಾಲಿಂಪ್ಸೆಸ್ಟ್ ಅನ್ನಬಹುದು?

ಪ್ರಶ್ನೆ: ನಾನು ಹವ್ಯಾಸಕ್ಕೆ ಫೋಟೊ ತೆಗೆಯುತ್ತೇನೆ. ಸುಣ್ಣದ ಕೆಳಗಿಂದ ಹಳೆ ಜಾಹೀರಾತಿನ ಅಕ್ಷರ ಇಣುಕುವ ಗೋಡೆಗಳು, ಹರಿದ ಸಿನಿಮಾ ಪೋಸ್ಟರುಗಳು ಅಂದರೆ ಇಷ್ಟ. ಕಂಪ್ಯೂಟರಿನಲ್ಲಿ ಎರಡು ಮೂರು ಫೋಟೊಗಳನ್ನು ಒಂದರ ಮೇಲೊಂದು ಕೂರಿಸುವುದೂ ಉಂಟು. ಒಂದು ಪ್ರದರ್ಶನದಲ್ಲಿ ಇವನ್ನೆಲ್ಲ ನೋಡಿದ ಹಿರಿಯರೊಬ್ಬರು 'ಪಾಲಿಂಪ್ಸೆಸ್ಟ್ ಥರ ಇದೆ' ಅಂದರು. ಹುಡುಕಿ ನೋಡಿದರೆ ಪದರ ಪದರವಾಗಿರುವ ಎಲ್ಲಕ್ಕೂ ಜನ ಈ ಹೆಸರು ಕೊಟ್ಟಿದ್ದಾರೆ. ಕಲೆಯಲ್ಲಿ, ಫೋಟೊಗ್ರಫಿಯಲ್ಲಿ ಇದಕ್ಕೆ ಸರಿಯಾದ ಅರ್ಥ ಏನು? ನನ್ನ ಚಿತ್ರಗಳಿಗೆ ಈ ಹೆಸರು ಒಪ್ಪುತ್ತದಾ?

ಉತ್ತರ: ನಿಮ್ಮ ಗೋಡೆಗಳಿಗೆ ಒಪ್ಪುತ್ತದೆ. ಕಂಪ್ಯೂಟರಿನಲ್ಲಿ ಕೂರಿಸಿದ ಫೋಟೊಗಳಿಗೆ ಬಹುಪಾಲು ಒಪ್ಪುವುದಿಲ್ಲ. ಪದರ ಇದ್ದರೆ ಸಾಲದು, ಅಳಿಸಿದ ಗುರುತೂ ಇರಬೇಕು. ಈ ಅಂಶವನ್ನು ಕೈಬಿಟ್ಟಿದ್ದರಿಂದಲೇ ಈ ಹೆಸರು ಈಗ ಕಂಡಕಂಡದ್ದಕ್ಕೆಲ್ಲ ಅಂಟಿಕೊಂಡಿದೆ. ಪ್ರದರ್ಶನಗಳ ಪರಿಚಯ ಪತ್ರದಲ್ಲಿ ಇದನ್ನು ಸುಮ್ನೆ ಅಲಂಕಾರಕ್ಕೆ ಹಾಕಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಯಾಕೆಂದರೆ ಚಿತ್ರ ನೋಡುವವರಿಗೂ ತೆಗೆಯುವವರಿಗೂ ಇಷ್ಟು ಕೆಲಸಕ್ಕೆ ಬರುವ ರೂಪಕ ಕಡಿಮೆ.

ಮೊದಲು ನಿಜವಾದ ಪಾಲಿಂಪ್ಸೆಸ್ಟ್ ಹೇಗಿರುತ್ತದೆ ನೋಡೋಣ. ಯುರೋಪಿಗೆ ಕಾಗದ ಬರುವ ಮುಂಚೆ ಅಲ್ಲಿ ಪುಸ್ತಕ ಬರೆಯುತ್ತಿದ್ದದ್ದು ಕುರಿ, ಆಡು, ಕರುಗಳ ತೊಗಲನ್ನು ಹದ ಮಾಡಿದ ಹಾಳೆಯ ಮೇಲೆ. ದಪ್ಪ ಪುಸ್ತಕವೊಂದಕ್ಕೆ ಒಂದು ಹಿಂಡಿನ ತೊಗಲೇ ಬೇಕು. ಅಷ್ಟು ದುಬಾರಿ ಹಾಳೆಯನ್ನು ಎಸೆಯುವವರು ಯಾರು? ಹಳೆ ಪುಸ್ತಕ ಯಾರಿಗೂ ಬೇಡವಾದಾಗ ಶಾಯಿ ತೊಳೆದು, ಕೆರೆದು, ಅದೇ ಹಾಳೆಯ ಮೇಲೆ ಹೊಸದನ್ನು ಬರೆಯುತ್ತಿದ್ದರು. ಆದರೆ ಆ ಶಾಯಿಯಲ್ಲಿ ಕಬ್ಬಿಣದ ಅಂಶ ಇರುತ್ತಿತ್ತು. ಅದು ತೊಗಲಿನೊಳಗೆ ಇಳಿದಿರುತ್ತಿತ್ತು. ಎಷ್ಟು ಕೆರೆದರೂ ಪೂರ್ತಿ ಹೋಗುತ್ತಿರಲಿಲ್ಲ. ಇಂಥ ಹಾಳೆಗೇ ಪಾಲಿಂಪ್ಸೆಸ್ಟ್ ಎಂದು ಹೆಸರು.

ಅಂದರೆ ಇಲ್ಲಿ ಮೂರು ಸಂಗತಿ ಒಟ್ಟಿಗೆ ಸೇರಿವೆ. ಹಾಳೆ ಅದೇ. ಯಾರೋ ಒಬ್ಬರು ಬೇಕಂತಲೇ ಅಳಿಸಿದ್ದಾರೆ. ಅಳಿಸಿದ್ದು ಪೂರ್ತಿ ಅಳಿದಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಬೇರೆ ಏನೋ ಆಗುತ್ತದೆ.

ಇವುಗಳಲ್ಲಿ ತುಂಬ ಹೆಸರಾದದ್ದು ಆರ್ಕಿಮಿಡೀಸ್ ಪಾಲಿಂಪ್ಸೆಸ್ಟ್. 10ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಈಗಿನ ಇಸ್ತಾಂಬುಲ್‌ನಲ್ಲಿ, ಹೆಸರು ಗೊತ್ತಿಲ್ಲದ ಒಬ್ಬ ಬರಹಗಾರ ಆರ್ಕಿಮಿಡೀಸನ ಗಣಿತದ ಗ್ರಂಥಗಳನ್ನು ಗ್ರೀಕಿನಲ್ಲಿ ನಕಲು ಮಾಡಿದ. 1229ರಲ್ಲಿ ಇಯೋನ್ನೆಸ್ ಮೈರೋನಾಸ್ ಎಂಬಾತ ಅದರ ಹಾಳೆಗಳನ್ನು ಬಿಚ್ಚಿ, ಕೆರೆದು, ಅಡ್ಡಕ್ಕೆ ತಿರುಗಿಸಿ, ಮಡಚಿ, ಅವುಗಳ ಮೇಲೆ ಕ್ರೈಸ್ತ ಪ್ರಾರ್ಥನೆಗಳನ್ನು ಬರೆದ. ಹಾಗಾಗಿ ಪುಸ್ತಕವನ್ನು ನೆಟ್ಟಗೆ ಹಿಡಿದರೆ ಪ್ರಾರ್ಥನೆಯ ಸಾಲು ಎಡದಿಂದ ಬಲಕ್ಕೆ ಓಡುತ್ತದೆ. ಆರ್ಕಿಮಿಡೀಸನ ಸಾಲು ಅದರ ಅಡಿಯಲ್ಲಿ ಮೇಲಿಂದ ಕೆಳಕ್ಕೆ ಮಸುಕಾಗಿ ಹರಿಯುತ್ತದೆ. ಕೆಲವು ಸಾಲು ಹೊಲಿಗೆಯ ಸಂದಿನಲ್ಲಿ ಮುಳುಗಿಹೋಗಿವೆ.

1906ರಲ್ಲಿ ಯೋಹಾನ್ ಲುಡ್ವಿಗ್ ಹೈಬರ್ಗ್ ಎಂಬ ಡೆನ್ಮಾರ್ಕಿನ ವಿದ್ವಾಂಸ ಇದನ್ನು ಗುರುತಿಸಿದ. ಆತನ ಕೈಲಿದ್ದದ್ದು ಭೂತಗನ್ನಡಿ ಮತ್ತು ತೆಗೆಸಿಕೊಂಡ ಫೋಟೊಗಳು. ಆಮೇಲೆ ಪುಸ್ತಕ ಎಷ್ಟೋ ವರ್ಷ ಕಣ್ಮರೆಯಾಯಿತು. 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾಯಿತು. ಕೊಂಡವರು ಹೆಸರು ಹೇಳಿಕೊಳ್ಳದೆ ಅದನ್ನು ಅಧ್ಯಯನಕ್ಕೆಂದು ಬಾಲ್ಟಿಮೋರ್‌ನ ವಾಲ್ಟರ್ಸ್ ಮ್ಯೂಸಿಯಮ್ಮಿಗೆ ಒಪ್ಪಿಸಿದರು.

ಅಲ್ಲಿ ಅದನ್ನು ಓದಿದ ಬಗೆ ಫೋಟೊ ತೆಗೆಯುವ ನಿಮಗೆ ಗೊತ್ತಿರಲೇಬೇಕು. ಒಂದೇ ಪುಟವನ್ನು ಬೇರೆ ಬೇರೆ ಬಣ್ಣದ ಬೆಳಕಿನಲ್ಲಿ ಫೋಟೊ ತೆಗೆದರು. ಕೆಂಪು ಬೆಳಕಿನಲ್ಲಿ ಆರ್ಕಿಮಿಡೀಸನ ಕಂದು ಕಲೆ ಹೆಚ್ಚುಕಡಿಮೆ ಮಾಯವಾಗುತ್ತದೆ, ಪ್ರಾರ್ಥನೆಯ ಶಾಯಿ ಮಾತ್ರ ಕಪ್ಪಗೆ ಉಳಿಯುತ್ತದೆ. ನೇರಳಾತೀತ ಬೆಳಕು ಬಿಟ್ಟರೆ ತೊಗಲು ನೀಲಿಯಾಗಿ ಹೊಳೆಯುತ್ತದೆ, ಎರಡೂ ಬರಹ ಕಪ್ಪಗೆ ಕಾಣುತ್ತವೆ. ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಪದರ ಸೇರಿ ಆಗುತ್ತದೆ, ಅವಕ್ಕೆ ಚಾನೆಲ್ ಎನ್ನುತ್ತಾರೆ. ಈಗ ಮೊದಲನೆಯ ಫೋಟೊವನ್ನು ಕೆಂಪು ಚಾನೆಲ್ಲಿಗೆ, ಎರಡನೆಯದನ್ನು ಹಸಿರು ಮತ್ತು ನೀಲಿ ಚಾನೆಲ್ಲಿಗೆ ಹಾಕಿ. ಪ್ರಾರ್ಥನೆ ಮೂರೂ ಚಾನೆಲ್ಲಿನಲ್ಲಿ ಕಪ್ಪು, ಆದ್ದರಿಂದ ಕಪ್ಪಾಗಿಯೇ ಇರುತ್ತದೆ. ಆರ್ಕಿಮಿಡೀಸ್ ಕೆಂಪಿನಲ್ಲಿ ಮಾತ್ರ ಬೆಳ್ಳಗಿದ್ದಾನೆ, ಹಾಗಾಗಿ ಅವನ ಅಕ್ಷರಗಳು ಕೆಂಪಾಗಿ ಎದ್ದು ಬರುತ್ತವೆ. ಕಾಲು ಚದರ ಇಂಚನ್ನೂ ಮುಟ್ಟದೆ, ಕೆರೆಯದೆ, ಎರಡು ಬರಹಗಳನ್ನು ಬೇರೆ ಬೇರೆ ಮಾಡಿದರು. ಇದನ್ನು ಮೊದಲ ಸಲ ನೋಡಿದವರಿಗೆ ಮೈ ಜುಮ್ಮೆನ್ನದೆ ಇರುವುದಿಲ್ಲ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. ನಾಲ್ಕು ಪುಟಗಳ ಮೇಲೆ ಚಿನ್ನದ ಹಿನ್ನೆಲೆಯ ಸಂತರ ಚಿತ್ರಗಳಿದ್ದವು. ಅವು ಹಳೆಯವಲ್ಲ, 20ನೇ ಶತಮಾನದಲ್ಲಿ ಯಾರೋ ಬಿಡಿಸಿದ ನಕಲಿ ಚಿತ್ರಗಳು. ಪುಸ್ತಕಕ್ಕೆ ಜಾಸ್ತಿ ಬೆಲೆ ಬರಲಿ ಎಂದೇ ಮಾಡಿದ್ದಿರಬೇಕು. ಚಿನ್ನದ ಕೆಳಗೆ ಯಾವ ಬೆಳಕೂ ತೂರಲಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನ ಕಣ ವೇಗವರ್ಧಕದಲ್ಲಿ ಹುಟ್ಟುವ ತೀಕ್ಷ್ಣ ಎಕ್ಸ್-ರೇಯಿಂದ ಶಾಯಿಯ ಕಬ್ಬಿಣ ಎಲ್ಲೆಲ್ಲಿದೆ ಎಂದು ಹುಡುಕಿ ಆ ಪುಟಗಳನ್ನೂ ಓದಲು ತೊಡಗಿದರು.

ಹೀಗೆ ಒಂದೇ ಹಾಳೆಗೆ ಮೂರು ಜನರ ಮೂರು ಆಸೆಗಳು ಅಂಟಿವೆ: ಒಬ್ಬನಿಗೆ ಗಣಿತ, ಒಬ್ಬನಿಗೆ ಪ್ರಾರ್ಥನೆ, ಒಬ್ಬನಿಗೆ ದುಡ್ಡು. ಇನ್ನೂ ಒಂದು ಮಾತು ಇದೆ. 'ಮೆಥಡ್' ಎಂದು ಕರೆಯುವ ಆರ್ಕಿಮಿಡೀಸನ ಗ್ರಂಥ ನಮಗೆ ಸಿಕ್ಕಿರುವುದು ಈ ಒಂದೇ ಪುಸ್ತಕದಲ್ಲಿ. ಮೈರೋನಾಸ್ ಅದನ್ನು ಕೆರೆದ, ನಿಜ. ಆದರೆ ಪ್ರಾರ್ಥನಾ ಪುಸ್ತಕವಾದ್ದರಿಂದಲೇ ಅದನ್ನು ಶತಮಾನಗಟ್ಟಲೆ ಮಠಗಳಲ್ಲಿ ಜೋಪಾನ ಮಾಡಿದರು. ಅಳಿಸಿದವನೇ ಉಳಿಸಿದ. ಕಲೆಯಲ್ಲಿ ಈ ರೂಪಕ ಬಳಸುವವರು ಬಹಳ ಸಲ ಮರೆಯುವುದು ಇದನ್ನೇ. ಮೇಲಿನ ಪದರ ಕಳ್ಳ, ಕೆಳಗಿನದು ಅಮಾಯಕ ಎಂದು ಮೊದಲೇ ತೀರ್ಮಾನಿಸಿಬಿಡುತ್ತಾರೆ.

ಆ ಅವಸರದಿಂದ ಹಾಳಾದ ಪುಸ್ತಕಗಳೂ ಇವೆ. 1819ರಲ್ಲಿ ಆಂಜೆಲೊ ಮಾಯಿ ಎಂಬ ಪಾದ್ರಿ-ವಿದ್ವಾಂಸ ವ್ಯಾಟಿಕನ್ನಿನಲ್ಲಿ ಸಂತ ಅಗಸ್ಟೀನನ ವ್ಯಾಖ್ಯಾನದ ಅಡಿಯಲ್ಲಿ ಪ್ರಾಚೀನ ರೋಮಿನ ಲೇಖಕ ಸಿಸೆರೊನ ಕಳೆದುಹೋಗಿದ್ದ ಗ್ರಂಥವೊಂದನ್ನು ಕಂಡುಹಿಡಿದ. ಓದಲು ಅನುಕೂಲವಾಗಲಿ ಎಂದು ಇಂಥ ಹಾಳೆಗಳಿಗೆ ಆ ಕಾಲದವರು ರಾಸಾಯನಿಕ ಸವರುತ್ತಿದ್ದರು. ಅಕ್ಷರ ಒಂದು ಕ್ಷಣ ಎದ್ದು ಕಾಣುತ್ತಿತ್ತು, ಆಮೇಲೆ ಹಾಳೆಯೇ ಕಪ್ಪಾಗುತ್ತಿತ್ತು. ಕೆಳಗಿನದನ್ನು ಓದುವ ಆತುರದಲ್ಲಿ ಎರಡೂ ಹೋದವು.

ನಮ್ಮ ಕಡೆ ಕಥೆ ಬೇರೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದ ಅಕ್ಷರವನ್ನು ಕೆರೆದು ತೆಗೆಯಲು ಆಗುವುದಿಲ್ಲ. ಗರಿ ಜೀರ್ಣವಾದರೆ ಹೊಸ ಗರಿಗೆ ನಕಲು ಮಾಡಿಕೊಳ್ಳುತ್ತಿದ್ದರು. ಆದರೆ ಕಡತ ಇತ್ತು. ಈಗಿನ ಆಫೀಸಿನ ಫೈಲಲ್ಲ, ಹಳೆಯ ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಂಗಡಿಯವರ ಲೆಕ್ಕ, ಮಠಗಳ ದಾಖಲೆ ಎಲ್ಲ ಅದರಲ್ಲೇ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಇವತ್ತಿಗೂ ಆಕರ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗಾದರೆ ಕಡತವೂ ಪಾಲಿಂಪ್ಸೆಸ್ಟ್ ಅಲ್ವಾ? ಹಾಳೆ ಅದೇ, ಅಳಿಸುವುದೂ ಇದೆ. ಆದರೆ ಬಳಪ ಒರೆಸಿದರೆ ಹೋಗಿಬಿಡುತ್ತದೆ. ಹಳೆಯದು ಹಟ ಹಿಡಿದು ಕೂರುವುದಿಲ್ಲ. ಅದಕ್ಕೇ ಆ ಹೆಸರು ಅದಕ್ಕೆ ಪೂರ್ತಿ ಕೂಡುವುದಿಲ್ಲ.

ರೂಪಕವಾಗಿ ಇದು ಜನಪ್ರಿಯವಾದದ್ದು 19ನೇ ಶತಮಾನದಲ್ಲಿ. 1845ರಲ್ಲಿ ಇಂಗ್ಲಿಷ್ ಲೇಖಕ ಥಾಮಸ್ ಡಿ ಕ್ವಿನ್ಸಿ ಮನುಷ್ಯನ ಮಿದುಳನ್ನು ಪಾಲಿಂಪ್ಸೆಸ್ಟಿಗೆ ಹೋಲಿಸಿದ. ನೆನಪಿನ ಮೇಲೆ ನೆನಪು ಬೀಳುತ್ತಲೇ ಇರುತ್ತದೆ, ಯಾವುದೂ ನಾಶವಾಗುವುದಿಲ್ಲ ಎಂಬುದು ಅವನ ವಾದ. ಸೊಗಸಾದ ಮಾತು. ಆದರೆ ಅಲ್ಲಿಂದಲೇ ಕೆರೆಯುವ ಕೈ ಮರೆಗೆ ಸರಿಯಿತು, ಪದರಗಳು ಮಾತ್ರ ಉಳಿದವು ಎಂದು ನನಗನ್ನಿಸುತ್ತದೆ. ಚಿತ್ರಕಲೆಗೆ ಬಂದಾಗ ಆ ಕೈಯನ್ನು ಮತ್ತೆ ಮುಂದಕ್ಕೆ ತರಬೇಕು.

ಅದನ್ನು ಅಕ್ಷರಶಃ ಮಾಡಿ ತೋರಿಸಿದವನು ರಾಬರ್ಟ್ ರೌಶೆನ್‌ಬರ್ಗ್. 1953ರಲ್ಲಿ ಆತ ಇನ್ನೂ ಚಿಕ್ಕ ವಯಸ್ಸಿನ ಕಲಾವಿದ. ಆಗಲೇ ದೊಡ್ಡ ಹೆಸರು ಮಾಡಿದ್ದ ವಿಲ್ಲೆಮ್ ಡಿ ಕೂನಿಂಗ್ ಬಳಿ ಹೋಗಿ, ಅಳಿಸೋಕೆ ನಿಮ್ಮದೊಂದು ಚಿತ್ರ ಕೊಡಿ ಎಂದು ಕೇಳಿದ. ಡಿ ಕೂನಿಂಗ್‌ಗೆ ಅಷ್ಟೇನೂ ಇಷ್ಟವಿರಲಿಲ್ಲ. ಆದರೂ ಒಪ್ಪಿದ. ಕೊಡುವಾಗ ತನಗೆ ಬೇಕಾದದ್ದನ್ನೇ, ಅದೂ ಸುಲಭವಾಗಿ ಅಳಿಸಲಾಗದಂಥದ್ದನ್ನೇ ಆರಿಸಿ ಕೊಟ್ಟ. ಪೆನ್ಸಿಲ್, ಇದ್ದಿಲು, ಕ್ರೇಯಾನ್, ಶಾಯಿ ಎಲ್ಲ ಅದರಲ್ಲಿತ್ತು. ರೌಶೆನ್‌ಬರ್ಗ್ ವಾರಗಟ್ಟಲೆ ರಬ್ಬರು ಉಜ್ಜಿದ. ಆ ಹಾಳೆ ಈಗ ಸ್ಯಾನ್ ಫ್ರಾನ್ಸಿಸ್ಕೊದ ಆಧುನಿಕ ಕಲಾ ಮ್ಯೂಸಿಯಮ್ಮಿನಲ್ಲಿದೆ. ಹತ್ತಿರ ಹೋದರೆ ಮಾಸಲು ಹಾಳೆಯ ಮೇಲೆ ಅಲ್ಲಲ್ಲಿ ಶಾಯಿಯ ನೆರಳು ಮಾತ್ರ. 2010ರಲ್ಲಿ ಮ್ಯೂಸಿಯಮ್ಮಿನವರು ಇನ್‌ಫ್ರಾರೆಡ್ ಚಿತ್ರ ತೆಗೆದು, ಅಳಿಸಿಹೋದ ಗೆರೆಗಳಲ್ಲಿ ಒಂದಿಷ್ಟನ್ನು ಮೇಲೆತ್ತಿದರು. ಇಲ್ಲಿ ಅಳಿಸಿದ್ದು ದ್ವೇಷದಿಂದಲ್ಲ, ಉಳಿತಾಯಕ್ಕಲ್ಲ. ಹಿರಿಯನ ಗೆರೆಯನ್ನು ಗೌರವಿಸುತ್ತಲೇ ಅದರಿಂದ ಬಿಡಿಸಿಕೊಳ್ಳುವುದಕ್ಕೆ.

ಉಳಿತಾಯಕ್ಕೆ ಬಳಿದದ್ದನ್ನು ನೋಡಬೇಕಾದರೆ ಪಿಕಾಸೊ ಬಳಿ ಹೋಗಿ. 1903-04ರಲ್ಲಿ ಬಡತನದಲ್ಲಿದ್ದಾಗ ಬರೆದ ಮುದಿ ಗಿಟಾರ್ ವಾದಕನ ಚಿತ್ರದಲ್ಲಿ, ಮುದುಕನ ಬಾಗಿದ ಕತ್ತಿನ ಹಿಂದೆ ಒಂದು ಹೆಂಗಸಿನ ಮುಖ ಬರಿಗಣ್ಣಿಗೂ ಸ್ವಲ್ಪ ಕಾಣುತ್ತದೆ. ಹಳೆ ಕ್ಯಾನ್ವಾಸಿನ ಮೇಲೇ ಹೊಸ ಚಿತ್ರ. ತೊಗಲಿನ ಹಾಳೆಯ ಕಾಲದ ಕಾರಣವೇ ಇಲ್ಲೂ.

ಇನ್ನು 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಅವನ ಚಿತ್ರವೊಂದಿದೆ: ತೆರೆದ ಕಿಟಕಿಯ ಬಳಿ ಹುಡುಗಿಯೊಬ್ಬಳು ಕಾಗದ ಓದುತ್ತಿದ್ದಾಳೆ. ಅವಳ ಹಿಂದಿನ ಖಾಲಿ ಗೋಡೆಯನ್ನು ಎಷ್ಟು ಜನ ಹೊಗಳಿದ್ದಾರೋ. ಆ ಮೌನ, ಆ ಏಕಾಂತ ಎಂದೆಲ್ಲ. 1979ರಲ್ಲಿ ಎಕ್ಸ್-ರೇ ತೆಗೆದಾಗ ಗೋಡೆಯಲ್ಲಿ ಮನ್ಮಥನ, ಅಂದರೆ ಕ್ಯುಪಿಡ್‌ನ, ದೊಡ್ಡ ಚಿತ್ರಪಟ ಕಂಡಿತು. ವರ್ಮೀರನೇ ಮನಸ್ಸು ಬದಲಾಯಿಸಿ ಮುಚ್ಚಿದ್ದಾನೆ ಎಂದು ಎಲ್ಲರೂ ನಂಬಿದರು. ಆದರೆ 2017ರಲ್ಲಿ ಸ್ವಚ್ಛ ಮಾಡಲು ಕೂತಾಗ ಮೂಲ ಚಿತ್ರಕ್ಕೂ ಮೇಲೆ ಬಳಿದ ಬಣ್ಣಕ್ಕೂ ನಡುವೆ ಕೊಳೆಯ ಪದರ ಸಿಕ್ಕಿತು. ಕೊಳೆ ಕೂರಲು ದಶಕಗಳು ಬೇಕು. ಅಂದರೆ ಮುಚ್ಚಿದ್ದು ಅವನು ಸತ್ತ ಮೇಲೆ, ಬೇರೆ ಯಾರೋ. ಆಗ ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಚಾಕುವಿನಿಂದ ಇಷ್ಟಿಷ್ಟೇ ಕೆರೆದು ತೆಗೆದರು. 2021ರಲ್ಲಿ ಕ್ಯುಪಿಡ್ ಜೊತೆ ಚಿತ್ರ ಪ್ರದರ್ಶನಕ್ಕೆ ಬಂತು.

ಒಂದು ತೆಳು ಕೊಳೆಯ ಪದರ ಎಷ್ಟು ದೊಡ್ಡ ತೀರ್ಮಾನ ಮಾಡಿತು ನೋಡಿ. ಚಿತ್ರಕಾರ ತಾನೇ ಮುಚ್ಚಿದ್ದಾದರೆ ಅದು ಅವನ ಯೋಚನೆಯ ಭಾಗ. ಬೇರೆಯವರು ಮುಚ್ಚಿದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಯಾರು ಅಳಿಸಿದರು ಎಂದು ಕೇಳದೆ ಇಂಥ ಚಿತ್ರವನ್ನು ಓದಲು ಆಗುವುದೇ ಇಲ್ಲ.

ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ ಈ ಅಳಿಸುವಿಕೆಯನ್ನೇ ಸಿನಿಮಾ ಮಾಡಿದ. ಸಾಮಾನ್ಯ ಅನಿಮೇಶನ್‌ನಲ್ಲಿ ಪ್ರತಿ ಚಲನೆಗೂ ಹೊಸ ಚಿತ್ರ. ಈತ ಒಂದು ಹಾಳೆಯ ಮೇಲೆ ಇದ್ದಿಲಿನಿಂದ ಬರೆಯುತ್ತಾನೆ, ಕ್ಯಾಮೆರಾದ ಹತ್ತಿರ ನಡೆದು ಒಂದೆರಡು ಫ್ರೇಮ್ ತೆಗೆಯುತ್ತಾನೆ, ವಾಪಸ್ ಬಂದು ಸ್ವಲ್ಪ ಅಳಿಸಿ ಮತ್ತೆ ಬರೆಯುತ್ತಾನೆ. ಇದ್ದಿಲು ಪೂರ್ತಿ ಹೋಗುವುದಿಲ್ಲ. ನಡೆದು ಹೋದ ಮನುಷ್ಯನ ಹಿಂದೆ ಬೂದು ಮಸಿ ಉಳಿಯುತ್ತದೆ. 1994ರ 'ಫೆಲಿಕ್ಸ್ ಇನ್ ಎಕ್ಸೈಲ್' ಚಿತ್ರದಲ್ಲಿ ಬಯಲಲ್ಲಿ ಬಿದ್ದ ಹೆಣಗಳ ಮೇಲೆ ಪತ್ರಿಕೆಯ ಹಾಳೆಗಳು ಬಂದು ಮುಚ್ಚಿಕೊಳ್ಳುತ್ತವೆ. ನೋಡನೋಡುತ್ತ ಅವು ನೆಲದಲ್ಲಿ ಕರಗುತ್ತವೆ. ವರ್ಣಭೇದದ ಆಡಳಿತ ಮುಗಿದು ಎಲ್ಲರೂ ಮತ ಹಾಕಲು ಹೊರಟಿದ್ದ ವರ್ಷ ಅದು. ಸತ್ತವರನ್ನು ಆ ನೆಲ ನೆನಪಿಡುತ್ತದಾ ಎಂಬ ಪ್ರಶ್ನೆ ಇದ್ದಿಲಿನ ಆ ಮಸಿಯಲ್ಲೇ ಇದೆ. ಬೇರೆ ಯಾವ ವಿಧಾನದಲ್ಲಿ ತೆಗೆದಿದ್ದರೂ ಅದು ಬರುತ್ತಿರಲಿಲ್ಲ.

ಈಗ ಫೋಟೊಗ್ರಫಿ. ನಿಜವಾದ ಪಾಲಿಂಪ್ಸೆಸ್ಟ್ ಫೋಟೊಗ್ರಫಿಯಲ್ಲೂ ಇತ್ತು. 1850ರ ನಂತರ ಕೆಲವು ದಶಕ ಫೋಟೊ ತೆಗೆಯುತ್ತಿದ್ದದ್ದು ಗಾಜಿನ ಹಲಗೆಗೆ ಕೊಲೊಡಿಯನ್ ದ್ರಾವಣ ಬಳಿದು. ಬೇಡವಾದ ನೆಗೆಟಿವ್‌ನ ಗಾಜನ್ನು ಕೆರೆದು ತೊಳೆದು ಮತ್ತೆ ಬಳಸುತ್ತಿದ್ದರು. ಸರಿಯಾಗಿ ತೊಳೆಯದಿದ್ದರೆ ಹಳೆ ಗಿರಾಕಿ ಹೊಸ ಫೋಟೊದಲ್ಲಿ ಮಸುಕಾಗಿ ಬಂದು ನಿಲ್ಲುತ್ತಿದ್ದ! ಅಮೆರಿಕದಲ್ಲಿ ವಿಲಿಯಂ ಮಮ್ಲರ್ ಎಂಬಾತ 1860ರ ದಶಕದಲ್ಲಿ ಸತ್ತವರ ಆತ್ಮ ಪಕ್ಕದಲ್ಲಿ ನಿಂತಿರುವ ಫೋಟೊ ತೆಗೆದುಕೊಡುತ್ತೇನೆ ಎಂದು ಚೆನ್ನಾಗಿ ಸಂಪಾದಿಸಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಮೇಲೆ ವಂಚನೆಯ ಮೊಕದ್ದಮೆ ಬಿತ್ತು. ಬೇರೆ ಫೋಟೊಗ್ರಾಫರುಗಳು ಬಂದು ಇಂಥ 'ದೆವ್ವ'ವನ್ನು ಯಾವ ಯಾವ ರೀತಿಯಲ್ಲಿ ಬರಿಸಬಹುದು ಎಂದು ಸಾಕ್ಷಿ ಹೇಳಿದರು. ಆದರೂ ಅವನು ಮಾಡಿದ್ದು ಹೀಗೇ ಎಂದು ಸಾಬೀತಾಗದೆ ಬಿಡುಗಡೆಯಾಯಿತು. ಅಂತರ್ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡಿದ್ದ ಮನೆಗಳ ಕಾಲ ಅದು. ಗಾಜಿನ ಮೇಲಿನ ಮಸುಕಿಗೆ ಜನ ಯಾಕೆ ಅಷ್ಟು ಹಂಬಲಿಸಿದರು ಎಂದು ಅರ್ಥವಾಗುತ್ತದೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ರೋಡ್ಚೆಂಕೊನ ಪುಸ್ತಕ. ಅಲೆಕ್ಸಾಂಡರ್ ರೋಡ್ಚೆಂಕೊ ಸೋವಿಯತ್ ರಷ್ಯಾದ ದೊಡ್ಡ ಫೋಟೊಗ್ರಾಫರ್, ವಿನ್ಯಾಸಕಾರ. 1934ರಲ್ಲಿ 'ಉಜ್ಬೆಕಿಸ್ತಾನದ ಹತ್ತು ವರ್ಷ' ಎಂಬ ಸರ್ಕಾರಿ ಆಲ್ಬಮ್ಮನ್ನು ಅವನೇ ವಿನ್ಯಾಸ ಮಾಡಿದ. ಅದರ ತುಂಬ ಅಲ್ಲಿನ ನಾಯಕರ ದೊಡ್ಡ ದೊಡ್ಡ ಫೋಟೊಗಳು. ಮೂರು ವರ್ಷದಲ್ಲಿ ಸ್ಟಾಲಿನ್ ಆ ನಾಯಕರನ್ನೇ ಹಿಡಿಸಿ ಕೊಲ್ಲಿಸತೊಡಗಿದ. ಅಂಥವರ ಚಿತ್ರ ಮನೆಯಲ್ಲಿದ್ದರೂ ಅಪಾಯ. ರೋಡ್ಚೆಂಕೊ ತನ್ನ ಸ್ವಂತ ಪ್ರತಿಯನ್ನು ತೆರೆದು, ಒಂದೊಂದೇ ಮುಖದ ಮೇಲೆ ಕಪ್ಪು ಶಾಯಿ ಬಳಿದ. ಭುಜ, ಕೋಟು ಹಾಗೇ ಇವೆ. ಮುಖದ ಜಾಗದಲ್ಲಿ ಮಾತ್ರ ಕರಿ ಮುದ್ದೆ. ದಶಕಗಳ ನಂತರ ಡೇವಿಡ್ ಕಿಂಗ್ ಎಂಬ ಬ್ರಿಟಿಷ್ ಸಂಗ್ರಾಹಕ ಮಾಸ್ಕೋದಲ್ಲಿ ಆ ಪ್ರತಿಯನ್ನು ನೋಡಿ ಜಗತ್ತಿಗೆ ತೋರಿಸಿದ.

ಇದರ ಪಕ್ಕ ಇನ್ನೊಂದು ಫೋಟೊ ಇಟ್ಟು ನೋಡಿ. ಮಾಸ್ಕೋ-ವೋಲ್ಗಾ ಕಾಲುವೆಯ ಪಕ್ಕ ಸ್ಟಾಲಿನ್ ಜೊತೆ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಜೋವ್ ನಿಂತಿದ್ದ. 1940ರಲ್ಲಿ ಅವನನ್ನೂ ಕೊಂದರು. ಆಮೇಲಿನ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಕೆಲಸ ಅಷ್ಟು ನಯ. ಆ ಒಂದೇ ಪ್ರತಿಯನ್ನು ನೋಡಿದವರಿಗೆ ಅಲ್ಲಿ ಒಬ್ಬ ಇದ್ದ ಎನ್ನುವ ಸುಳಿವೇ ಇಲ್ಲ. ಇದು ಅಳಿಸುವಿಕೆ, ಆದರೆ ಪಾಲಿಂಪ್ಸೆಸ್ಟ್ ಅಲ್ಲ. ರೋಡ್ಚೆಂಕೊನ ಕರಿ ಮುದ್ದೆ ಅಳಿಸಿದ್ದನ್ನು ಕೂಗಿ ಹೇಳುತ್ತದೆ. ಕಾಲುವೆಯ ನೀರು ಅದನ್ನೂ ನುಂಗಿಬಿಟ್ಟಿದೆ.

ನಮ್ಮ ಮೊಬೈಲಿನಲ್ಲಿ ಬೆರಳಾಡಿಸಿದರೆ ಹಿಂದಿನ ಮನುಷ್ಯ, ತಂತಿ, ಕಂಬ ಎಲ್ಲ ಮಾಯವಾಗುತ್ತವಲ್ಲ, ಅದು ಈ ಎರಡನೇ ಜಾತಿಯದು. ಡಿಜಿಟಲ್ ಚಿತ್ರದಲ್ಲಿ ಹಳೆ ಪಿಕ್ಸೆಲ್ ಹೋದರೆ ಹೋಯಿತು, ತೊಗಲಿನಂತೆ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ. ನಿಮ್ಮ ಕಂಪ್ಯೂಟರಿನ ಚಿತ್ರಗಳ ವಿಷಯವೂ ಇಲ್ಲಿಗೇ ಬರುತ್ತದೆ. ಎರಡು ಫೋಟೊಗಳನ್ನು ಅರೆಪಾರದರ್ಶಕ ಮಾಡಿ ಕೂರಿಸಿದಾಗ ಎರಡೂ ಹೊಂದಿಕೊಂಡು ಕೂತಿವೆ. ಯಾರೂ ಯಾರನ್ನೂ ಅಳಿಸಿಲ್ಲ. ಅದಕ್ಕೆ ಡಬಲ್ ಎಕ್ಸ್‌ಪೋಶರ್ ಎಂಬ ಒಳ್ಳೆ ಹೆಸರೇ ಇದೆ, ಅದನ್ನೇ ಇಟ್ಟುಕೊಳ್ಳಿ. ಅದು ಕಡಿಮೆ ದರ್ಜೆಯದು ಅಂತ ನಾನು ಹೇಳುತ್ತಿಲ್ಲ, ಅದರ ಚೆಲುವು ಬೇರೆ.

ಗಡಿಯಲ್ಲಿ ನಿಲ್ಲುವ ಕೆಲಸಗಳೂ ಇವೆ. ಬ್ರಿಟನ್ನಿನ ಕಲಾವಿದ ಇದ್ರಿಸ್ ಖಾನ್ 2004ರಲ್ಲಿ ಜರ್ಮನ್ ಫೋಟೊಗ್ರಾಫರುಗಳಾದ ಬರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿ ತೆಗೆದ ಜರ್ಮನಿಯ ಮನೆಗಳ ಫೋಟೊಗಳನ್ನೆಲ್ಲ ಒಂದರ ಮೇಲೊಂದು ಹೇರಿದರು. ಮನೆಗಳು ನಡುಗುವ ಇದ್ದಿಲ ಚಿತ್ರದಂತಾದವು. ಒಂದು ಮನೆಯ ಗುರುತನ್ನು ಇನ್ನೊಂದು ಮನೆಯೇ ಅಳಿಸುತ್ತದೆ. ಹೇರುವುದೇ ಅಳಿಸುವುದಾದಾಗ ಈ ಹೆಸರು ಕೊಟ್ಟರೆ ನಾನು ತಕರಾರು ಮಾಡುವುದಿಲ್ಲ.

ಬರ್ಲಿನ್‌ನಲ್ಲಿ ಕಲಾವಿದ ಶಿಮೊನ್ ಆಟಿ ಮಾಡಿದ್ದು ಇನ್ನೂ ನೇರ. 1991ರಿಂದ ಆತ ಹಿಂದೊಮ್ಮೆ ಯಹೂದಿಗಳು ವಾಸವಿದ್ದ ಶೊಯ್ನೆನ್‌ಫಿಯರ್ಟೆಲ್ ಬಡಾವಣೆಯಲ್ಲಿ ರಾತ್ರಿ ಹೊತ್ತು ಸ್ಲೈಡ್ ಪ್ರೊಜೆಕ್ಟರ್ ಇಟ್ಟು, ಯುದ್ಧಕ್ಕೆ ಮುಂಚಿನ ಫೋಟೊಗಳನ್ನು ಅಲ್ಲಿನ ಗೋಡೆಗಳ ಮೇಲೇ ಬೀಳಿಸಿದ. ಒಂದು ಪಾಳು ಗೋಡೆಯ ಮೇಲೆ 1930ರ ಹೀಬ್ರೂ ಪುಸ್ತಕದಂಗಡಿ, ಬಾಗಿಲಲ್ಲಿ ನಿಂತ ಮನುಷ್ಯ. ಆ ದೃಶ್ಯದ ಫೋಟೊ ತೆಗೆದ. ಎಲ್ಲ ಚಿತ್ರಗಳೂ ನಿಖರವಾಗಿ ಅದೇ ವಿಳಾಸದವಲ್ಲ, ಪಕ್ಕದವೂ ಇದ್ದವು. ಕೆಲವು ನಿವಾಸಿಗಳು ಸಿಟ್ಟಿನಿಂದ ಹೊರಗೆ ಬಂದರು. ಬಾಲ್ಟಿಮೋರ್‌ನಲ್ಲಿ ನೇರಳಾತೀತ ದೀಪ ತೊಗಲಿಗೆ ಮಾಡಿದ್ದನ್ನೇ ಈ ಪ್ರೊಜೆಕ್ಟರ್ ಗೋಡೆಗೆ ಮಾಡಿತು. ವ್ಯತ್ಯಾಸ ಇಷ್ಟೆ: ಇಲ್ಲಿ ಮೇಲಿನ ಪದರದೊಳಗೆ ಜನ ಬದುಕುತ್ತಿದ್ದರು.

ಆ ವ್ಯತ್ಯಾ­ಸ ಎಷ್ಟು ಕಷ್ಟದ್ದು ಎಂದು ತಿಳಿಯಲು ನಾವು ಬರ್ಲಿನ್‌ಗೆ ಹೋಗಬೇಕಿಲ್ಲ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ದೊಡ್ಡ ಕ್ಯಾಮೆರಾ, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳನ್ನು ಹೊತ್ತು ಹಂಪಿಯ ಫೋಟೊ ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನೋಡಿ. ಗ್ರೀನ್‌ಲಾ ಫೋಟೊದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವಿದೆ! ಆಮೇಲೆ ಅದು ಹೋಯಿತು. ನಮ್ಮ 50 ರೂಪಾಯಿ ನೋಟಿನ ಮೇಲಿರುವುದು ಶಿಖರ ಹೋದ ಮೇಲಿನ ರಥ. ಅದು ಮೊದಲಿಂದ ಹೀಗೇ ಇತ್ತು ಎಂದೇ ನಾವೆಲ್ಲ ಅಂದುಕೊಂಡಿದ್ದೇವೆ. ರಥದ ಚಪ್ಪಟೆ ತಲೆಯೇ ಉಳಿದ ಗುರುತು. ಹಳೆ ಫೋಟೊ ನೋಡುವವರೆಗೆ ಅದು ಗುರುತು ಎಂದು ಹೊಳೆಯುವುದೂ ಇಲ್ಲ.

ವಿರೂಪಾಕ್ಷ ದೇವಸ್ಥಾನದ ಎದುರಿನ ಬಜಾರಿನಲ್ಲಿ ನಡೆದದ್ದು ಬೇರೆ. ವಿಜಯನಗರ ಕಾಲದ ಸಾಲು ಮಂಟಪಗಳಲ್ಲಿ ಎಷ್ಟೋ ವರ್ಷದಿಂದ ಜನ ಮನೆ ಮಾಡಿದ್ದರು, ಹೋಟೆಲ್ಲು, ಅಂಗಡಿ ಇಟ್ಟಿದ್ದರು. ಕಂಬಗಳ ನಡುವೆ ಗೋಡೆ ಎದ್ದಿತ್ತು, ಗೋಡೆಗೆ ಬಣ್ಣ ಬಂದಿತ್ತು. 2011ರ ಜುಲೈನಲ್ಲಿ ಅವನ್ನೆಲ್ಲ ತೆರವು ಮಾಡಿದರು. ಹಳೆ ಕಂಬಗಳು ಮತ್ತೆ ಕಂಡವು. ಸ್ಮಾರಕ ಉಳಿಯಬೇಕು ಎನ್ನುವವರ ವಾದ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ಆದರೆ ಬಜಾರು ಅಂದ ಮೇಲೆ ಅಲ್ಲಿ ವ್ಯಾಪಾರ ಮಾಡುತ್ತಿದ್ದವರೂ ಆ ಹಾಳೆಯ ಒಂದು ಬರಹವೇ ತಾನೆ? 16ನೇ ಶತಮಾನವನ್ನು ಓದಲು ನಾವು 20ನೇ ಶತಮಾನವನ್ನು ಕೆರೆದೆವು. ಆ ಮನೆಗಳು ಇದ್ದಾಗ ತೆಗೆದ ಫೋಟೊಗಳು ನಿಮ್ಮ ಊರಿನ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಜೋಪಾನ ಮಾಡಲು ಹೇಳಿ. ಪ್ರವಾಸಕ್ಕೆ ಹೋದಾಗ ತೆಗೆದ ಮಾಮೂಲಿ ಫೋಟೊಗಳೇ ಸಾಕು.

ಇನ್ನು ನಿಮ್ಮ ಗೋಡೆಗಳು. ಹರಿದ ಪೋಸ್ಟರುಗಳಿಗೆ ಪ್ಯಾರಿಸ್ಸಿನಲ್ಲಿ ದೊಡ್ಡ ಪರಂಪರೆಯೇ ಇದೆ. ಜಾಕ್ ವಿಯೆಗ್ಲೆ 1949ರಿಂದ ಬೀದಿಯ ಹರಿದ ಪೋಸ್ಟರುಗಳನ್ನು ಕಿತ್ತು ತಂದು ಕ್ಯಾನ್ವಾಸಿಗೆ ಅಂಟಿಸಿದ. ದಾರಿಹೋಕರಲ್ಲಿ ಯಾರೋ ಹರಿದರಲ್ಲ, ಅವರನ್ನೇ ನಿಜವಾದ ಕಲಾವಿದರೆಂದು ಕರೆದ. ಫೋಟೊಗ್ರಾಫರ್ ಬ್ರಸಾಯಿ 1930ರ ದಶಕದಿಂದ ಅದೇ ಊರಿನ ಗೋಡೆಗಳ ಮೇಲೆ ಜನ ಕೆತ್ತಿದ ಗೀಚುಗಳನ್ನು ಫೋಟೊ ತೆಗೆಯುತ್ತ ಬಂದ. ವಿಳಾಸ ಬರೆದಿಟ್ಟುಕೊಂಡು ಮತ್ತೆ ಅದೇ ಗೋಡೆಗೆ ಹೋಗುತ್ತಿದ್ದ.

ನೀವೂ ವಿಳಾಸ ಬರೆದಿಡಿ. ಆ ಗೋಡೆಯಲ್ಲಿ ಮುಂಚೆ ಯಾವ ಜಾಹೀರಾತು ಇತ್ತು, ಸುಣ್ಣ ಯಾರು ಬಳಿಸಿದರು, ಚುನಾವಣೆಗಾ ಹಬ್ಬಕ್ಕಾ ಎಂದು ಪಕ್ಕದ ಅಂಗಡಿಯವರನ್ನು ಕೇಳಿ. ಅವರಿಗೆ ಗೊತ್ತಿರುತ್ತದೆ. ಅದರ ಒಂದು ಸಾಲು ಚಿತ್ರದ ಕೆಳಗೆ ಬಂದರೆ ನಿಮ್ಮ ಫೋಟೊ ಬರೀ ಚೆಂದದ ಮೇಲ್ಮೈಯಾಗಿ ಉಳಿಯುವುದಿಲ್ಲ. ಗೋಡೆಯ ಒಂದು ತುಂಡನ್ನಷ್ಟೇ ಹತ್ತಿರದಿಂದ ತೆಗೆಯುವ ಅಭ್ಯಾಸವಿದ್ದರೆ, ಜೊತೆಗೆ ಒಂದು ದೂರದ ಫೋಟೊವನ್ನೂ ತೆಗೆಯಿರಿ. ಇಡೀ ಗೋಡೆ, ಬಾಗಿಲು, ಬೀದಿ ಕಾಣಬೇಕು. ಮುಂದೆ ನೀವೋ ಇನ್ನೊಬ್ಬರೋ ಅದೇ ಜಾಗದಲ್ಲಿ ನಿಲ್ಲಲು ಅದೇ ದಾರಿ.

ಬೆಳಕಿನ ವಿಷಯ. ಮಧ್ಯಾಹ್ನ ನೇರ ಬಿಸಿಲಿನಲ್ಲಿ ಸುಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಗೋಡೆಯನ್ನು ಓರೆಯಾಗಿ ಸವರುವಾಗ ಹೋಗಿ. ದಪ್ಪ ಬಣ್ಣದಲ್ಲಿ ಬರೆದ ಹಳೆ ಅಕ್ಷರದ ಅಂಚಿಗೆ ಆಗ ನೆರಳು ಬೀಳುತ್ತದೆ. ಕ್ಯಾಮೆರಾದಲ್ಲಿ ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದನ್ನು ತಿದ್ದದೆ ಹಾಗೇ ಇಡುವ ಫೈಲ್, ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಕೆಂಪು, ಹಸಿರು, ನೀಲಿ ಚಾನೆಲ್ಲುಗಳನ್ನು ಒಂದೊಂದಾಗಿ ಕಪ್ಪುಬಿಳುಪಿನಲ್ಲಿ ತೆರೆದು ನೋಡಿ. ಮೇಲೆ ಬಳಿದದ್ದು ಕೆಂಪು ಬಣ್ಣವಾಗಿದ್ದರೆ ಕೆಂಪು ಚಾನೆಲ್ಲಿನಲ್ಲಿ ಅದು ತೆಳ್ಳಗಾಗುತ್ತದೆ, ಕೆಳಗಿನ ಕಪ್ಪು ಅಕ್ಷರ ಏನಾದರೂ ಉಳಿದಿದ್ದರೆ ಅಲ್ಲೇ ಮೊದಲು ಕಾಣುತ್ತದೆ. ಕಂಪ್ಯೂಟರಿನಲ್ಲಿ ಚಿತ್ರ ಕೂರಿಸುವುದು ನಿಮಗೆ ಗೊತ್ತೇ ಇದೆಯಲ್ಲ, ಬೇರೆ ಬೇರೆ ಗೋಡೆಗಳ ಬದಲು ಒಂದೇ ಗೋಡೆಯ ಈ ಮೂರು ಚಾನೆಲ್ಲುಗಳನ್ನು ತೆಗೆದುಕೊಂಡು ಶುರು ಮಾಡಿ.